ರಸ್ತೆಯ ತಗ್ಗಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ಸ್ಲೋಪ್ ಹಿಡಿದು ಆ ಬಿಂದು ಹುಡುಕುವ ಬಗೆ

ಮಳೆಗಾಲ ಹತ್ತಿರ ಬಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ತಗ್ಗಿನ ನಟ್ಟನಡುವೆ ಮಳೆನೀರು ಮೋರಿಗೆ ಇಳಿಯಲು ಜಾಲರಿ ಕೂರಿಸಿದ್ದೇವೆ. ಆದರೂ ನೀರು ಹತ್ತು ಹೆಜ್ಜೆ ಆಚೆ ನಿಲ್ಲುತ್ತಿದೆ. ಯಾಕೆ?" ಕೇಳುವವರಲ್ಲಿ ಡಿಪ್ಲೊಮಾ ಓದುವವರಿದ್ದಾರೆ, ಸೈಟ್ ಸೂಪರ್‌ವೈಸರ್‌ಗಳಿದ್ದಾರೆ, ಲೇಔಟ್ ರಸ್ತೆ ಮಾಡಿಸುವವರೂ ಇದ್ದಾರೆ.

ಉತ್ತರ ಚಿಕ್ಕದು. ತಗ್ಗಿನ ನಡುವೆಯೇ ಬೇರೆ, ತಗ್ಗಿನ ತಳವೇ ಬೇರೆ. ಎರಡೂ ಕಡೆಯ ಸ್ಲೋಪ್ ಸಮವಾಗಿದ್ದರೆ ಮಾತ್ರ ಅವೆರಡೂ ಒಂದೇ ಜಾಗದಲ್ಲಿ ಬರುತ್ತವೆ. ತಳ ಇರುವುದು ರಸ್ತೆಯ ಸ್ಲೋಪ್ ಸೊನ್ನೆಯಾಗುವ ಕಡೆ. ಅದನ್ನು ಲೆಕ್ಕ ಹಾಕಿ ಹಿಡಿಯಬಹುದು, ಕಣ್ಣಳತೆಯಲ್ಲಿ ಹಿಡಿಯಲಾಗದು.

ಹೊಸ ರಸ್ತೆಗೆ ಡ್ರಾಯಿಂಗ್ ನೋಡಿ ಲೆಕ್ಕ ಮಾಡುವ ರೀತಿ ಮೊದಲು. ಡ್ರಾಯಿಂಗೇ ಇಲ್ಲದ ಹಳೇ ರಸ್ತೆಗೆ ಏನು ಮಾಡಬೇಕು ಅನ್ನುವುದು ಆಮೇಲೆ.

ಏನೇನು ಬೇಕು

ರಸ್ತೆಯ ಎಲ್-ಸೆಕ್ಷನ್ ಡ್ರಾಯಿಂಗ್ (ಉದ್ದಕ್ಕೂ ರಸ್ತೆಯ ಏರಿಳಿತ ತೋರಿಸುವ ನಕ್ಷೆ) ಮತ್ತು ಕ್ಯಾಲ್ಕುಲೇಟರ್. ಹಳೇ ರಸ್ತೆಯಾದರೆ ಆಟೋ ಲೆವೆಲ್ (ಮಟ್ಟ ನೋಡುವ ಉಪಕರಣ), ಸ್ಟಾಫ್ (ಅದರಲ್ಲಿ ನೋಡಿ ಓದುವ ಅಳತೆ ಕೋಲು), ಟೇಪ್. ಆಟೋ ಲೆವೆಲ್ ಸಿಗದಿದ್ದರೆ ಮೇಸ್ತ್ರಿಗಳು ಬಳಸುವ ನೀರಿನ ಪೈಪೂ ನಡೆಯುತ್ತದೆ. ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಮೊದಲು ನಾಲ್ಕು ಮಾತುಗಳ ಪರಿಚಯ

ಚೈನೇಜ್ ಅಂದರೆ ರಸ್ತೆಯ ಶುರುವಿನಿಂದ ಅಳೆದ ದೂರ. ಆರ್‌ಎಲ್ ಅಂದರೆ ಗೊತ್ತಾದ ಒಂದು ಮಟ್ಟದಿಂದ ಆ ಜಾಗದ ಎತ್ತರ. ಇವೆರಡು ನಿಮಗೆ ಗೊತ್ತಿರುತ್ತವೆ.

ವರ್ಟಿಕಲ್ ಕರ್ವ್ ಅಂದರೆ ಇಳಿಜಾರಿನಿಂದ ಏರಿಗೆ, ಅಥವಾ ಏರಿನಿಂದ ಇಳಿಜಾರಿಗೆ, ಜರ್ಕ್ ಇಲ್ಲದೆ ಗಾಡಿ ಹೊರಳಲಿ ಎಂದು ನಡುವೆ ಕೊಡುವ ಬಾಗು. ತಗ್ಗಿನಲ್ಲಿ ಬಂದರೆ ವ್ಯಾಲಿ ಕರ್ವ್ ಅಥವಾ ಸ್ಯಾಗ್ ಕರ್ವ್, ದಿಬ್ಬದಲ್ಲಿ ಬಂದರೆ ಸಮಿಟ್ ಕರ್ವ್.

ಪಿವಿಐ ಅಂದರೆ ಎರಡೂ ಕಡೆಯ ನೇರ ಗೆರೆಗಳನ್ನು ಎಳೆದರೆ ಅವು ಸೇರುವ ಬಿಂದು. ಇಲ್ಲೇ ಜಾಸ್ತಿ ಜನ ಎಡವುವುದು. ಪಿವಿಐ ಡ್ರಾಯಿಂಗ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ, ಆದರೆ ಅದು ರಸ್ತೆಯ ಮೇಲೆ ಇರುವ ಬಿಂದುವೇ ಅಲ್ಲ. ತಗ್ಗಿನಲ್ಲಾದರೆ ಅದು ರಸ್ತೆಗಿಂತ ಕೆಳಗೆ, ಮಣ್ಣಿನೊಳಗೆ ಎಲ್ಲೋ ಇರುತ್ತದೆ. ಕರ್ವ್ ಶುರುವಾಗುವ ಬಿಂದು ಪಿವಿಸಿ, ಮುಗಿಯುವುದು ಪಿವಿಟಿ. ಕೆಲವು ಡ್ರಾಯಿಂಗ್‌ಗಳಲ್ಲಿ ಬಿವಿಸಿ, ಇವಿಸಿ ಎಂದಿರುತ್ತದೆ. ಎರಡೂ ಒಂದೇ.

ಹಂತ 1: ಡ್ರಾಯಿಂಗ್‌ನಿಂದ ಐದು ಅಂಕಿ ಬರೆದುಕೊಳ್ಳಿ

ಬರುವ ಸ್ಲೋಪ್, ಹೋಗುವ ಸ್ಲೋಪ್, ಕರ್ವ್‌ನ ಉದ್ದ, ಪಿವಿಐನ ಚೈನೇಜ್ ಮತ್ತು ಆರ್‌ಎಲ್. ಚೈನೇಜ್ ಏರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೀರಿ ಎಂದುಕೊಳ್ಳಿ. ಎದುರಿಗೆ ಏರು ಇದ್ದರೆ ಪ್ಲಸ್, ಇಳಿಜಾರಿದ್ದರೆ ಮೈನಸ್. ಈ ಚಿಹ್ನೆಯನ್ನು ಕೊನೆಯವರೆಗೂ ಬಿಡಬೇಡಿ.

ಲೆಕ್ಕಕ್ಕೆ ಒಂದು ರಸ್ತೆ ಇಟ್ಟುಕೊಳ್ಳೋಣ. ಬರುವ ಸ್ಲೋಪ್ −3% (100 ಮೀಟರಿಗೆ 3 ಮೀಟರ್ ಇಳಿತ), ಹೋಗುವ ಸ್ಲೋಪ್ +2%. ಕರ್ವ್ ಉದ್ದ 120 ಮೀಟರ್. ಪಿವಿಐ ಚೈನೇಜ್ 1300, ಅದರ ಆರ್‌ಎಲ್ 612.400.

ಸ್ಲೋಪನ್ನು "1 ಕ್ಕೆ 30" ಎಂಬ ಲೆಕ್ಕದಲ್ಲಿ ಕೊಟ್ಟಿದ್ದರೆ ಮೊದಲು ಶೇಕಡಾಕ್ಕೆ ತನ್ನಿ. 1 ಕ್ಕೆ 30 ಅಂದರೆ 30 ಮೀಟರ್ ಹೋದರೆ 1 ಮೀಟರ್ ಏರುವುದು, ಅಂದರೆ 3.33%. ಬಯಲು ಸೀಮೆಯ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರೂಲಿಂಗ್ ಗ್ರೇಡಿಯೆಂಟ್, ಅಂದರೆ ಸಾಮಾನ್ಯವಾಗಿ ಮೀರಬಾರದ ಸ್ಲೋಪ್, ಇದೇ. ಆದ್ದರಿಂದ ಈ ಅಂಕಿ ನಿಮಗೆ ಪದೇ ಪದೇ ಸಿಗುತ್ತದೆ. ಒಂದು ಕಡೆ ಶೇಕಡಾ, ಇನ್ನೊಂದು ಕಡೆ 1 ಕ್ಕೆ ಇಷ್ಟು ಎಂದಿಟ್ಟುಕೊಂಡು ಕೂಡಿಸಿದರೆ ಲೆಕ್ಕ ಕೆಟ್ಟಿತು.

ಹಂತ 2: ಕರ್ವ್‌ನ ಎರಡು ತುದಿ ಹಿಡಿಯಿರಿ

ಪಿವಿಐ ಸಾಮಾನ್ಯವಾಗಿ ಎರಡು ತುದಿಗಳ ಸರಿಯಾದ ನಡುವೆ ಇರುತ್ತದೆ. ಉದ್ದವನ್ನು ರಸ್ತೆಯ ಬಾಗಿನ ಮೇಲಲ್ಲ, ಮಟ್ಟವಾಗಿ ಅಳೆಯುವುದು. 120 ಮೀಟರ್‌ನಲ್ಲಿ ಅರ್ಧ 60.

ಪಿವಿಸಿ ಚೈನೇಜ್ 1300 − 60 = 1240. ಅಲ್ಲಿಂದ ಪಿವಿಐಗೆ 3% ಇಳಿಜಾರು. ಹಾಗಾಗಿ ಪಿವಿಸಿ ಆರ್‌ಎಲ್ = 612.400 + 1.800 = 614.200.

ಪಿವಿಟಿ ಚೈನೇಜ್ 1360. ಆರ್‌ಎಲ್ = 612.400 + 1.200 = 613.600.

ಹಂತ 3: ಎಷ್ಟು ಮೀಟರಿಗೆ ಸ್ಲೋಪ್ 1% ಬದಲಾಗುತ್ತದೆ?

ಇಡೀ ಲೆಕ್ಕದ ಕೀಲಿ ಇಲ್ಲಿದೆ. ಸೂತ್ರ ಬಾಯಿಪಾಠ ಮಾಡುವ ಬದಲು ಇದನ್ನು ಅರ್ಥ ಮಾಡಿಕೊಳ್ಳಿ.

ವರ್ಟಿಕಲ್ ಕರ್ವ್‌ಗೆ ಸಾಮಾನ್ಯವಾಗಿ ಪ್ಯಾರಾಬೋಲಾ ಬಳಸುತ್ತಾರೆ. ಅದರ ಗುಣ ಏನೆಂದರೆ ಸ್ಲೋಪ್ ಒಂದೇ ಹದದಲ್ಲಿ ಬದಲಾಗುತ್ತಾ ಹೋಗುತ್ತದೆ. ಮೊದಲ 10 ಮೀಟರಲ್ಲಿ ಎಷ್ಟು ಬದಲಾಯಿತೋ ಕೊನೆಯ 10 ಮೀಟರಲ್ಲೂ ಅಷ್ಟೇ.

ನಮ್ಮ ರಸ್ತೆಯಲ್ಲಿ ಸ್ಲೋಪ್ −3 ರಿಂದ +2 ಕ್ಕೆ ಹೋಗಬೇಕು. ಒಟ್ಟು ಬದಲಾವಣೆ 5%. ಅದಕ್ಕೆ ಸಿಕ್ಕಿರುವ ಜಾಗ 120 ಮೀಟರ್. ಅಂದರೆ 1% ಬದಲಾಗಲು 24 ಮೀಟರ್ ಬೇಕು. ಎಂಜಿನಿಯರುಗಳು ಇದನ್ನು ಕೆ ವ್ಯಾಲ್ಯೂ ಎನ್ನುತ್ತಾರೆ.

ಇಲ್ಲಿ ಎಚ್ಚರಿಕೆ: −3 ಮತ್ತು +2 ರ ವ್ಯತ್ಯಾಸ 1 ಅಲ್ಲ, 5. ಚಿಹ್ನೆ ಬಿಟ್ಟು 3 ರಲ್ಲಿ 2 ಕಳೆದವರಿಗೆ ಕೆ 120 ಬರುತ್ತದೆ, ತಳ ಕರ್ವ್‌ನಿಂದಲೇ ಆಚೆ ಹೋಗಿ ಬೀಳುತ್ತದೆ. ಹಾಗೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಈ ಕಳೆಯುವಿಕೆಯನ್ನೇ.

ಹಂತ 4: ಸ್ಲೋಪ್ ಸೊನ್ನೆಯಾಗುವ ಜಾಗ

ಶುರುವಿನಲ್ಲಿ 3% ಇಳಿಜಾರಿದೆ. ಆ 3% ಪೂರ್ತಿ ಕರಗಬೇಕು. 1% ಕರಗಲು 24 ಮೀಟರ್ ಆದರೆ 3% ಗೆ 72 ಮೀಟರ್. ಮುಗಿಯಿತು.

ತಳದ ಚೈನೇಜ್ = 1240 + 72 = 1312.

ಪಿಯುಸಿಯಲ್ಲಿ ಡೆರಿವೇಟಿವ್ ಸೊನ್ನೆಗೆ ಸಮ ಎಂದು ಬರೆದು ಕನಿಷ್ಠ ಬಿಂದು ಹುಡುಕಿದ್ದು ನೆನಪಿದೆಯಾ? ಅದೇ ಇದು. ಅಲ್ಲಿ ಮಾರ್ಕ್ಸ್‌ಗೆ, ಇಲ್ಲಿ ಮೋರಿಗೆ.

72 ಮೀಟರನ್ನು ಪಿವಿಸಿಯಿಂದ ಅಳೆಯಬೇಕು. ಪಿವಿಐನಿಂದ ಅಳೆದು 1372 ರಲ್ಲಿ ಗುರುತು ಹಾಕಿದರೆ ಕರ್ವ್ ಮುಗಿದು ಏರು ಹತ್ತಿದ ಜಾಗದಲ್ಲಿ ಜಾಲರಿ ಕೂತಿರುತ್ತದೆ.

ಉತ್ತರ ಸರಿಯಿದೆಯಾ ಎಂದು ಒಂದೇ ನೋಟದಲ್ಲಿ ಪರೀಕ್ಷಿಸಲು: ತಳ ಯಾವಾಗಲೂ ಸ್ಲೋಪ್ ಕಡಿಮೆ ಇರುವ ಕಡೆಗೆ ಸರಿದಿರುತ್ತದೆ. ಇಲ್ಲಿ 2% ಇರುವುದು ಮುಂದಿನ ಕಡೆ. ತಳವೂ ನಡುವಿಗಿಂತ 12 ಮೀಟರ್ ಮುಂದೆ ಬಂದಿದೆ. ಸರಿ.

ಹಂತ 5: ಆ ಜಾಗದ ಆರ್‌ಎಲ್

ಪುಸ್ತಕದ ಸೂತ್ರ ಉದ್ದ ಇದೆ, ಬೇಡ. ಸ್ಲೋಪ್ ಒಂದೇ ಹದದಲ್ಲಿ 3% ನಿಂದ 0 ಗೆ ಇಳಿದಿದೆ. ಹಾಗಾದರೆ ಆ 72 ಮೀಟರಿನ ಸರಾಸರಿ ಸ್ಲೋಪ್ 1.5%. ಇಳಿದದ್ದು 72 × 1.5 ÷ 100 = 1.080 ಮೀಟರ್.

ತಳದ ಆರ್‌ಎಲ್ = 614.200 − 1.080 = 613.120.

ನಡುವೆ, ಅಂದರೆ 1300 ರಲ್ಲಿ ರಸ್ತೆ ಎಷ್ಟು ಎತ್ತರದಲ್ಲಿದೆ? ಅಲ್ಲಿಗೆ ಸ್ಲೋಪ್ −3 ರಿಂದ −0.5 ಕ್ಕೆ ಬಂದಿರುತ್ತದೆ. ಸರಾಸರಿ 1.75%. 60 ಮೀಟರಿಗೆ 1.050 ಮೀಟರ್ ಇಳಿತ. ಆರ್‌ಎಲ್ 613.150.

ಎರಡಕ್ಕೂ ಇರುವ ವ್ಯತ್ಯಾಸ ಬರೀ 30 ಮಿಲಿಮೀಟರ್. "ಇಷ್ಟಕ್ಕೆ ಇಷ್ಟೆಲ್ಲಾ ಲೆಕ್ಕ ಯಾಕೆ?" ಅನ್ನಿಸಬಹುದು. ಜಾಲರಿಯನ್ನು 1300 ರಲ್ಲಿ ಕೂರಿಸಿದ್ದೀರಿ ಎಂದುಕೊಳ್ಳಿ. ಪಕ್ಕದಲ್ಲಿ ಕರ್ಬ್ ಕಲ್ಲು, ಅಂದರೆ ರಸ್ತೆ ಅಂಚಿಗೆ ಎತ್ತರಿಸಿ ಕೂರಿಸಿದ ಕಲ್ಲು ಇದೆ, ನೀರು ಬೇರೆಲ್ಲೂ ಹೋಗುವಂತಿಲ್ಲ. ಜಾಲರಿಯ ಬಾಯಿಗೆ ನೀರು ಮುಟ್ಟಬೇಕಾದರೆ ಮೊದಲು 613.150 ರ ಮಟ್ಟಕ್ಕೆ ತುಂಬಬೇಕು. ಆಗ ಕೊಳ 1300 ರಿಂದ 1324 ರವರೆಗೆ, 24 ಮೀಟರ್ ಉದ್ದ ಇರುತ್ತದೆ. ಮಳೆ ನಿಂತ ಮೇಲೂ ಅದು ಹಾಗೇ ಇರುತ್ತದೆ, ಬಿಸಿಲಿಗೆ ಒಣಗಬೇಕು. ಡಾಂಬರು ಕಿತ್ತು ಗುಂಡಿ ಬೀಳುವುದು ಅಲ್ಲೇ.

ಇನ್ನೊಂದು ಸಾಮಾನ್ಯ ತಪ್ಪು ಲೆವೆಲ್ ಪಟ್ಟಿ ನೋಡಿ ತೀರ್ಮಾನ ಮಾಡುವುದು. 20 ಮೀಟರಿಗೊಂದರಂತೆ ನಮ್ಮ ಕರ್ವ್‌ನ ಪಟ್ಟಿ ಹೀಗಿರುತ್ತದೆ:

1240 – 614.200
1260 – 613.683
1280 – 613.333
1300 – 613.150
1320 – 613.133
1340 – 613.283
1360 – 613.600

ಪಟ್ಟಿ ಓದಿದವರು "ತಳ 1320" ಎನ್ನುತ್ತಾರೆ. ಪಟ್ಟಿಯಲ್ಲಿ 1312 ಇಲ್ಲವೇ ಇಲ್ಲ, ಅದಕ್ಕೆ ಪಟ್ಟಿಯೇನು ಮಾಡೀತು.

ಹಂತ 6: ತಳದ ಅಕ್ಕಪಕ್ಕದ ಮಂದ ಜಾಗ

ಒಂದು ಬಿಂದು ಸಿಕ್ಕಿದರೆ ಕೆಲಸ ಮುಗಿಯಲಿಲ್ಲ. ತಳದ ಎರಡೂ ಕಡೆ ಸ್ವಲ್ಪ ದೂರ ಸ್ಲೋಪ್ ತೀರಾ ಕಡಿಮೆ ಇರುತ್ತದೆ, ನೀರು ಮೆಲ್ಲಗೆ ಹರಿಯುತ್ತದೆ. ಕರ್ಬ್ ಇರುವ ರಸ್ತೆಗೆ ಉದ್ದಕ್ಕೆ ಕನಿಷ್ಠ 0.3%, ಸಾಧ್ಯವಾದರೆ 0.5% ಸ್ಲೋಪ್ ಇರಲಿ ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್.

ಅದಕ್ಕಿಂತ ಕಡಿಮೆ ಇರುವ ಜಾಗ ಎಲ್ಲಿಂದ ಎಲ್ಲಿಗೆ? ಮತ್ತೆ ಅದೇ ಕೆ. 0.3% ಗೆ 24 × 0.3 = 7.2 ಮೀಟರ್. ತಳದಿಂದ ಆಚೆ ಈಚೆ 7.2 ಮೀಟರ್, ಅಂದರೆ ಸುಮಾರು 1305 ರಿಂದ 1319 ರವರೆಗೆ. ಇಷ್ಟು ಉದ್ದದಲ್ಲಿ ಡಾಂಬರು ಹಾಕುವಾಗ ಕೈ ಸ್ವಲ್ಪ ಏರುಪೇರಾದರೂ ನೀರು ನಿಲ್ಲುತ್ತದೆ. ಕ್ಯಾಂಬರ್, ಅಂದರೆ ರಸ್ತೆಯ ನಡುವಿನಿಂದ ಅಂಚಿಗೆ ಕೊಡುವ ಅಡ್ಡ ಇಳಿಜಾರು, ಇಲ್ಲಿ ಸರಿಯಾಗಿ ಬರಲೇಬೇಕು.

ಕರ್ವ್ ಉದ್ದವಾದಷ್ಟೂ ಈ ಮಂದ ಜಾಗ ಹಿಗ್ಗುತ್ತದೆ. ಗಾಡಿ ಓಡಿಸುವವರಿಗೆ ಉದ್ದದ ಕರ್ವ್ ಹಿತ, ನೀರಿಗೆ ಅಲ್ಲ. ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘವಾದ ಆಶ್ಟೊದ ಕೈಪಿಡಿ ಕೆ 51 ಮೀಟರ್ ದಾಟಿದರೆ ನೀರಿನ ವ್ಯವಸ್ಥೆ ಬಗ್ಗೆ ಬೇರೆಯಾಗಿ ಯೋಚಿಸಿ ಎನ್ನುವುದು ಇದೇ ಕಾರಣಕ್ಕೆ.

ಬೇರೆ ಯಾವ ಸ್ಲೋಪ್ ಕೊಟ್ಟರೂ ಬಿಂದು ಹೀಗೇ ಹುಡುಕಬಹುದು. "ಸ್ಲೋಪ್ +1% ಆಗುವುದು ಎಲ್ಲಿ?" ತಳದಿಂದ 24 ಮೀಟರ್ ಮುಂದೆ, 1336 ರಲ್ಲಿ. ಕರ್ವ್‌ನೊಳಗೆ ಒಂದು ಸ್ಲೋಪ್ ಒಂದೇ ಜಾಗದಲ್ಲಿ ಬರುತ್ತದೆ, ಗೊಂದಲಕ್ಕೆ ಎಡೆಯೇ ಇಲ್ಲ.

ಹಂತ 7: ತಳವೇ ಇಲ್ಲದ ಕರ್ವ್ ಅಲ್ಲ ತಾನೇ?

ಎರಡೂ ಕಡೆ ಇಳಿಜಾರೇ ಇರುವ ಕರ್ವ್‌ಗಳಿರುತ್ತವೆ. ಬರುವಾಗ −4%, ಹೋಗುವಾಗ −1%, ಉದ್ದ 90 ಮೀಟರ್ ಎನ್ನಿ. ಬದಲಾವಣೆ 3%, ಕೆ 30. ಸ್ಲೋಪ್ ಸೊನ್ನೆಯಾಗಲು 120 ಮೀಟರ್ ಬೇಕು, ಕರ್ವ್ ಇರುವುದೇ 90. ಉತ್ತರ ಕರ್ವ್‌ನ ಉದ್ದ ಮೀರಿದರೆ ಅಥವಾ ಮೈನಸ್ ಬಂದರೆ ಆ ಕರ್ವ್‌ನಲ್ಲಿ ತಳ ಇಲ್ಲ ಎಂದರ್ಥ. ನೀರು ಮುಂದಕ್ಕೆ ಹರಿದು ಹೋಗುತ್ತದೆ. 120 ನೇ ಮೀಟರಲ್ಲಿ ಜಾಲರಿ ಹಾಕುವ ಹುಚ್ಚು ಸಾಹಸ ಬೇಡ.

ದಿಬ್ಬಕ್ಕೂ ಲೆಕ್ಕ ಇದೇ. +2% ಏರಿ −4% ಇಳಿಯುವ 180 ಮೀಟರಿನ ಕರ್ವ್‌ನಲ್ಲಿ ಕೆ 30, ತುದಿ ಶುರುವಿನಿಂದ 60 ಮೀಟರಲ್ಲಿ. ಅಲ್ಲಿ ನೀರು ಎರಡು ಕಡೆಗೆ ಒಡೆದು ಹೋಗುತ್ತದೆ. ಪಕ್ಕದ ಚರಂಡಿಯ ಓಟದ ದಿಕ್ಕು ಬದಲಾಗಬೇಕಾದ್ದೂ ಅಲ್ಲೇ.

ಹಳೇ ರಸ್ತೆ, ಡ್ರಾಯಿಂಗ್ ಇಲ್ಲ. ಆಗ?

ಜಾಸ್ತಿ ಜನಕ್ಕೆ ಬೇಕಾದ್ದು ಇದು. ಮೂರೇ ರೀಡಿಂಗ್ ಸಾಕು.

ತಗ್ಗು ಇಲ್ಲೆಲ್ಲೋ ಇದೆ ಎಂದು ಕಾಣುವ ಕಡೆ, ಸಮ ಅಂತರದಲ್ಲಿ ಮೂರು ಬಿಂದು ಗುರುತು ಮಾಡಿ. ನಡುವಿನದು ಮೂರರಲ್ಲೂ ಕೆಳಗಿರಬೇಕು. ಮೂರನ್ನೂ ಒಂದೇ ಗೆರೆಯಲ್ಲಿ ತೆಗೆದುಕೊಳ್ಳಿ: ರಸ್ತೆಯ ನಡುವಾದರೆ ನಡುವೆಯೇ, ಕರ್ಬ್ ಪಕ್ಕವಾದರೆ ಪಕ್ಕದಲ್ಲೇ. ಒಂದು ನಡುವೆ, ಒಂದು ಅಂಚಿನಲ್ಲಿ ಹಿಡಿದರೆ ಕ್ಯಾಂಬರ್ ಸೇರಿಕೊಂಡು ಲೆಕ್ಕ ದಿಕ್ಕಾಪಾಲಾಗುತ್ತದೆ.

ನಮ್ಮ ರಸ್ತೆಯಲ್ಲೇ ಮಾಡಿ ನೋಡೋಣ. 1300, 1320, 1340 ರಲ್ಲಿ ಸ್ಟಾಫ್ ಹಿಡಿದಾಗ 1.550, 1.567, 1.417 ಬಂತು. ಗಮನಿಸಿ, ಸ್ಟಾಫ್ ರೀಡಿಂಗ್ ಜಾಸ್ತಿ ಬಂದರೆ ಆ ಜಾಗ ಕೆಳಗಿದೆ ಎಂದರ್ಥ. ಹೊಸಬರು ಇದನ್ನು ಉಲ್ಟಾ ಓದುತ್ತಾರೆ.

ಮೊದಲ 20 ಮೀಟರಲ್ಲಿ ರಸ್ತೆ 17 ಮಿಲಿಮೀಟರ್ ಇಳಿದಿದೆ. ಮುಂದಿನ 20 ಮೀಟರಲ್ಲಿ 150 ಮಿಲಿಮೀಟರ್ ಏರಿದೆ. ಈಗ ಒಂದು ಸೂಕ್ಷ್ಮ. 1300 ರಿಂದ 1320 ರವರೆಗಿನ ಸರಾಸರಿ ಸ್ಲೋಪ್ ಯಾವ ಜಾಗದ ನಿಜವಾದ ಸ್ಲೋಪ್? ಅವೆರಡರ ನಡುವಿನದು, 1310 ರದು. ಪ್ಯಾರಾಬೋಲಾಕ್ಕೆ ಇದು ಅಂದಾಜಲ್ಲ, ಕರಾರುವಾಕ್ಕು. ಹಾಗೇ ಎರಡನೆಯ ಸ್ಲೋಪ್ 1330 ರದು.

1310 ರಲ್ಲಿ ಇಳಿಜಾರು 17 ಪಾಲು, 1330 ರಲ್ಲಿ ಏರು 150 ಪಾಲು. ಒಟ್ಟು 167 ಪಾಲು 20 ಮೀಟರಲ್ಲಿ ಬದಲಾಗಿದೆ. 17 ಪಾಲು ಕರಗಲು 20 × 17 ÷ 167 = 2.04 ಮೀಟರ್. ತಳ 1310 + 2.04, ಅಂದರೆ 1312. ಡ್ರಾಯಿಂಗ್‌ನಿಂದ ಬಂದ ಉತ್ತರವೇ.

2.04 ನ್ನು 1300 ಕ್ಕೆ ಕೂಡಿಸಬೇಡಿ. ಮೊದಲ ಬಿಂದುವಿನಿಂದಲ್ಲ, ಮೊದಲ ಎರಡು ಬಿಂದುಗಳ ನಡುವಿನಿಂದ ಅಳೆಯಬೇಕು.

ಅಂತರ 20 ಮೀಟರ್ ಬದಲು 10 ಇಟ್ಟರೆ ಇನ್ನೂ ಚೆನ್ನಾಗಿ ಬರುತ್ತದಾ ಎಂದು ಕೇಳುತ್ತಾರೆ. ಇಲ್ಲ. ಹತ್ತಿರ ಹತ್ತಿರ ಹಿಡಿದರೆ ಜಲ್ಲಿಕಲ್ಲಿನ ಉಬ್ಬುತಗ್ಗೇ ರೀಡಿಂಗ್‌ನಲ್ಲಿ ದೊಡ್ಡದಾಗುತ್ತದೆ. ಹಾಗೆಂದು ತೀರಾ ದೂರವೂ ಬೇಡ, ಕರ್ವ್‌ನಿಂದ ಆಚೆಗೆ ಹೋದರೆ ಲೆಕ್ಕ ನಿಲ್ಲುವುದಿಲ್ಲ. ಹಲವು ಸಲ ತೇಪೆ ಹಾಕಿದ ರಸ್ತೆಯಾದರೆ ನಾನು ಲೆಕ್ಕ ನಂಬುವುದಿಲ್ಲ, ಮಳೆ ಬಂದಾಗ ಸುಮ್ನೆ ಹೋಗಿ ನೋಡಿ ಬರುವುದೇ ವಾಸಿ.

ಲೆಕ್ಕ ಸರಿಯಿದ್ದೂ ಜಾಗ ತಪ್ಪುವ ಎರಡು ಸಂದರ್ಭ

ಒಂದು, ಕ್ಯೂಬಿಕ್ ಕರ್ವ್. ವ್ಯಾಲಿ ಕರ್ವ್‌ಗೆ ಎರಡು ಸಮನಾದ ಕ್ಯೂಬಿಕ್ ಪ್ಯಾರಾಬೋಲಾ ಜೋಡಿಸುವ ಪದ್ಧತಿ ಪಠ್ಯಪುಸ್ತಕಗಳಲ್ಲಿದೆ. ಅದರಲ್ಲಿ ಸ್ಲೋಪ್ ಒಂದೇ ಹದದಲ್ಲಿ ಬದಲಾಗುವುದಿಲ್ಲ, ತುದಿಗಳಲ್ಲಿ ನಿಧಾನ, ನಡುವೆ ಜೋರು. ಅಲ್ಲಿ ಸೂತ್ರ ಬೇರೆ: ತುದಿಯ ಸ್ಲೋಪನ್ನು ಒಟ್ಟು ಬದಲಾವಣೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದು, ಉದ್ದದಿಂದ ಗುಣಿಸಬೇಕು. ಪರೀಕ್ಷೆಯಲ್ಲಿ ಹುಡುಗರು ಯೋಚನೆ ಮಾಡದೆ ಬರುವ ಸ್ಲೋಪ್ ಹಾಕುತ್ತಾರೆ. 3 ಹಾಕಿದರೆ 65.7 ಮೀಟರ್ ಬರುತ್ತದೆ. ಆದರೆ ಆ ಸೂತ್ರ ಕರ್ವ್‌ನ ಅರ್ಧದವರೆಗೆ, ಅಂದರೆ 60 ಮೀಟರ್‌ವರೆಗೆ ಮಾತ್ರ ನಡೆಯುತ್ತದೆ. ಸರಿಯಾದ ದಾರಿ ಕಡಿಮೆ ಸ್ಲೋಪ್ ಇರುವ ತುದಿಯಿಂದ ಹೊರಡುವುದು. 2 ನ್ನು 10 ರಿಂದ ಭಾಗಿಸಿದರೆ 0.2, ವರ್ಗಮೂಲ 0.447, 120 ರಿಂದ ಗುಣಿಸಿದರೆ 53.7. ಪಿವಿಟಿಯಿಂದ ಹಿಂದಕ್ಕೆ ಅಳೆದರೆ ತಳ 1306.3. ಪ್ಯಾರಾಬೋಲಾಕ್ಕೂ ಇದಕ್ಕೂ ಸುಮಾರು 6 ಮೀಟರ್ ಅಂತರ. ಯಾವ ಕರ್ವ್ ಎಂದು ಡ್ರಾಯಿಂಗ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಎರಡು, ತಗ್ಗಿನಲ್ಲೇ ರಸ್ತೆ ತಿರುವನ್ನೂ ತೆಗೆದುಕೊಂಡರೆ. ತಿರುವಿಗೆ ಸೂಪರ್ ಎಲಿವೇಶನ್ ಕೊಡುತ್ತಾರೆ, ಅಂದರೆ ಹೊರ ಅಂಚನ್ನು ಎತ್ತಿ ಒಳ ಅಂಚನ್ನು ತಗ್ಗಿಸುತ್ತಾರೆ. ಆಗ ಅಂಚಿನ ಸ್ಲೋಪ್ ಬೇರೆ, ನಡುಗೆರೆಯ ಸ್ಲೋಪ್ ಬೇರೆ. ನೀರು ಹರಿಯುವುದು ಅಂಚಿನಲ್ಲಿ, ನೀವು ಲೆಕ್ಕ ಮಾಡಿದ್ದು ನಡುಗೆರೆಗೆ. ಒಳ ಅಂಚು ಮುಂದೆ ಹೋದಂತೆ 1 ಕ್ಕೆ 150 ರ ಹದದಲ್ಲಿ ತಗ್ಗುತ್ತಿದೆ ಎನ್ನಿ. ಅದು 0.67% ಹೆಚ್ಚುವರಿ ಇಳಿಜಾರು. ಅದು ಕರಗಲು ಇನ್ನೂ 24 × 0.67, ಅಂದರೆ 16 ಮೀಟರ್ ಬೇಕು. ನಡುಗೆರೆಯ ತಳ 1312 ರಲ್ಲಿದ್ದರೆ ಒಳ ಅಂಚಿನ ತಳ 1328 ರಲ್ಲಿ. ಜಾಲರಿ ಬೇಕಾದ್ದು 1328 ರಲ್ಲೇ.

ತಳವನ್ನೇ ಬೇರೆ ಕಡೆ ಸರಿಸಬಹುದಾ?

ಸರಿಯಾಗಿ ಗೇಟ್ ಮುಂದೆ ಬಂದಿದೆ, ಬಸ್ ಸ್ಟಾಪ್ ಎದುರು ಬಂದಿದೆ ಎಂದು ಕೇಳುವವರಿದ್ದಾರೆ. ರಸ್ತೆ ಇನ್ನೂ ಕಾಗದದ ಮೇಲಿದ್ದರೆ ಸ್ವಲ್ಪ ಮಟ್ಟಿಗೆ ಆಗುತ್ತದೆ. ಕರ್ವ್ ಉದ್ದ ಕಡಿಮೆ ಮಾಡಿದರೆ ತಳ ಪಿವಿಐ ಕಡೆಗೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ 120 ರ ಬದಲು 80 ಮೀಟರ್ ಇಟ್ಟರೆ ತಳ 1308 ಕ್ಕೆ ಬರುತ್ತದೆ. ನಾಲ್ಕೇ ಮೀಟರ್ ಸರಿಯಿತು, ಆದರೆ ಅಲ್ಲಿ ರಸ್ತೆ 24 ಸೆಂಟಿಮೀಟರ್ ಕೆಳಗಿಳಿಯಿತು. ಮಣ್ಣು ಅಗೆತ ಜಾಸ್ತಿ, ಮೋರಿಯ ತಳವೂ ಅಷ್ಟೇ ಆಳಕ್ಕೆ. ಜೊತೆಗೆ ರಾತ್ರಿ ಹೆಡ್‌ಲೈಟ್ ಬೆಳಕು ಸಾಕಷ್ಟು ಮುಂದಕ್ಕೆ ಬೀಳಲಿ ಎಂದು ವ್ಯಾಲಿ ಕರ್ವ್‌ಗೆ ಕನಿಷ್ಠ ಉದ್ದ ಇರಬೇಕು, ಅದನ್ನು ಮುರಿಯುವಂತಿಲ್ಲ.

ಎರಡೂ ಕಡೆ ಸ್ಲೋಪ್ ಸಮವಾಗಿದ್ದರೆ ಉದ್ದ ಎಷ್ಟೇ ಬದಲಿಸಿದರೂ ತಳ ಪಿವಿಐ ಚೈನೇಜ್ ಬಿಟ್ಟು ಅಲ್ಲಾಡುವುದಿಲ್ಲ. ಆಗ ಸ್ಲೋಪನ್ನೇ ಬದಲಿಸಬೇಕು, ಇಲ್ಲವೇ ಗೇಟ್ ಸರಿಸಬೇಕು.